ಚಾವಿಗೆ ಕಟ್ಟಿದ ವಿದ್ಯುತ್ತು: ಸಂಯಮದ ಕರ್ತೃ ಯಾರು?

ಸಂಯಮವು ಮನುಷ್ಯನೊಳಗಿನ ಗುಣವೋ, ಅವನು ತನ್ನ ಸುತ್ತ ಕಟ್ಟಿಕೊಂಡ ಏರ್ಪಾಡಿನ ಗುಣವೋ ಎಂಬುದು ಧರ್ಮಚಿಂತನೆಯ ಹಳೆಯ ತೊಡಕುಗಳಲ್ಲಿ ಒಂದು. ಉಪವಾಸದ ದಿನ ಮನೆಯಲ್ಲಿ ಒಲೆಯನ್ನೇ ಹೊತ್ತಿಸದೆ ಇರುವವನಿಗೂ, ಒಲೆಯ ಮೇಲೆ ಅನ್ನ ಬೇಯುತ್ತಿರುವಾಗ ಅದರ ಮುಂದೆಯೇ ಕುಳಿತು ಉಣ್ಣದೆ ಇರುವವನಿಗೂ ಸಲ್ಲುವ ಫಲ ಒಂದೇ ಏನು ಎಂದು ಕೇಳಿದರೆ ಶಾಸ್ತ್ರಗಳು ಒಂದೇ ಬಾಯಿಂದ ಉತ್ತರಿಸುವುದಿಲ್ಲ. ಈ ತೊಡಕನ್ನು ಪರಿಶೀಲಿಸಲು ಮಠ, ಗುಡಿ, ಗ್ರಂಥಗಳ ಉದಾಹರಣೆಗಳೇ ಬೇಕೆಂದೇನೂ ಇಲ್ಲ. ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಭೂಸನೂರದಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದಾಗ ಸಕ್ಕರೆ ಕಾರ್ಖಾನೆಯ ಕಡೆಗೆ ಸಾಲುಗಟ್ಟುವ ಟ್ರ್ಯಾಕ್ಟರುಗಳಲ್ಲಿ, ಮೊಬೈಲು ಚಾರ್ಜು ಮಾಡಲೆಂದೋ ಹಾಡಿನ ಪೆಟ್ಟಿಗೆ ನಡೆಸಲೆಂದೋ ಬ್ಯಾಟರಿಯಿಂದ ತಂತಿ ಎಳೆದು ಕೂಡಿಸಿಕೊಳ್ಳುವ ಒಂದು ಸಾಕೆಟ್ಟು ಇದೇ ಪ್ರಶ್ನೆಯನ್ನು ತಾಮ್ರದ ರೂಪದಲ್ಲಿ ಮುಂದಿಡುತ್ತದೆ. ಆ ಸಾಕೆಟ್ಟಿನ ತಂತಿಯನ್ನು ಬ್ಯಾಟರಿಗೆ ನೇರವಾಗಿ ಕಟ್ಟಬೇಕೋ, ಚಾವಿಯ ಹಿಂದೆ ಕಟ್ಟಬೇಕೋ ಎಂಬ ಆಯ್ಕೆ ವೈರಿಂಗು ಮಾಡುವವನ ಕೈಚಳಕದ ವಿಷಯದಂತೆ ಕಂಡರೂ, ಯಾರ ಬಯಕೆಗೆ ಯಾರು ಕಡಿವಾಣ ಹಾಕುತ್ತಾರೆ ಎಂಬ ವಿಚಾರವನ್ನು ಅದು ಒಳಗೊಂಡಿದೆ.

ಜೋಡಣೆಯ ಸ್ವರೂಪವನ್ನು ಮೊದಲು ತಿಳಿದುಕೊಳ್ಳುವುದು ಅಗತ್ಯ. ವಾಹನದ ಬ್ಯಾಟರಿಯೆಂದರೆ ಸೀಸದ ತಗಡುಗಳು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುವ 6 ಕೋಶಗಳ ಸಾಲು. ಒಂದೊಂದು ಕೋಶವೂ 2 ವೋಲ್ಟಿಗಿಂತ ತುಸು ಹೆಚ್ಚು ಕೊಡುವುದರಿಂದ, ತುಂಬಿದ ಬ್ಯಾಟರಿ ಕೆಲಸವಿಲ್ಲದೆ ನಿಂತಾಗ ಸುಮಾರು 12.6 ವೋಲ್ಟು ತೋರಿಸುತ್ತದೆ, ಅರ್ಧ ಬರಿದಾದಾಗ 12.2ರ ಆಸುಪಾಸಿಗೆ ಇಳಿಯುತ್ತದೆ. ಎಂಜಿನ್ ನಡೆಯುತ್ತಿರುವಾಗ ಅದರ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರು, ಗ್ಯಾರೇಜಿನ ಮಾತಿನಲ್ಲಿ ಇಂದಿಗೂ ‘ಡೈನಮೋ’, ಸುಮಾರು 14 ವೋಲ್ಟಿನ ಒತ್ತಡದಲ್ಲಿ ಬ್ಯಾಟರಿಯನ್ನು ಮತ್ತೆ ತುಂಬುತ್ತದೆ. ಈ ಸಂಗ್ರಹವಿರುವುದು ಮುಖ್ಯವಾಗಿ ಒಂದೇ ಕಾರ್ಯಕ್ಕೆ, ಅಂದರೆ ಮಲಗಿದ ಎಂಜಿನ್ನನ್ನು ಎಬ್ಬಿಸುವುದಕ್ಕೆ. ಎಬ್ಬಿಸುವ ಮೋಟರು ಕೆಲವೇ ಕ್ಷಣಗಳ ಮಟ್ಟಿಗೆ ನೂರಾರು ಆಂಪಿಯರುಗಳನ್ನು ಒಮ್ಮೆಗೇ ಎಳೆಯುತ್ತದೆ. ಆ ಮೋಟರನ್ನು ಚಾಲಕರು ‘ಸೆಲ್ಫ್’ ಎಂದು ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವ ವೇದಾಂತಿಗಳು ಆತ್ಮಕ್ಕೆ ಬಳಸುವ ಶಬ್ದವೂ ಅದೇ ಆಗಿರುವುದು ಕಾಕತಾಳೀಯವೇ ಸರಿ, ಆದರೂ ಬೆಳಗಿನ ಜಾವ ಸಾಲಿನಲ್ಲಿ ಕೇಳಿಬರುವ ‘ಸೆಲ್ಫ್ ಎತ್ತವಲ್ದು’ ಎಂಬ ದೂರಿನಲ್ಲಿ ತತ್ತ್ವಶಾಸ್ತ್ರದ ವಿದ್ಯಾರ್ಥಿಗೆ ಎರಡನೆಯ ಅರ್ಥವೊಂದು ಹೊಳೆಯದೆ ಇರಲಾರದು.

ಸಾಕೆಟ್ಟಿಗೆ ವಿದ್ಯುತ್ತು ಎರಡು ದಾರಿಗಳಲ್ಲಿ ಬರಬಲ್ಲದು. ಬ್ಯಾಟರಿಯ ಧನ ತುದಿಯಿಂದ ಫ್ಯೂಜಿನ ಮೂಲಕ ನೇರವಾಗಿ ತಂತಿ ಎಳೆದರೆ, ಅದನ್ನು ‘ಡೈರೆಕ್ಟ್’ ಎನ್ನುತ್ತಾರೆ, ಚಾವಿ ಇದ್ದರೂ ಇಲ್ಲದಿದ್ದರೂ, ಒಡೆಯ ಎಚ್ಚರವಿದ್ದರೂ ನಿದ್ರಿಸಿದರೂ ಅಲ್ಲಿ ಹರಿವು ಸಿದ್ಧವಾಗಿರುತ್ತದೆ. ಅದರ ಬದಲು ಚಾವಿ ತಿರುಗಿಸಿದಾಗ ಮಾತ್ರ ಜೀವ ಪಡೆಯುವ ತಂತಿಯಿಂದ ಒಂದು ರಿಲೇಯನ್ನು ನಡೆಸಿ ಅದರ ಮೂಲಕ ಸಾಕೆಟ್ಟಿಗೆ ವಿದ್ಯುತ್ತು ಕೊಟ್ಟರೆ, ಚಾವಿ ತೆಗೆದೊಡನೆ ಸಾಕೆಟ್ಟೂ ಸುಮ್ಮನಾಗುತ್ತದೆ. ರಿಲೇ ಎಂದರೆ ವಿದ್ಯುತ್ಕಾಂತದಿಂದ ಮುಚ್ಚಿ ತೆರೆಯುವ ಬಾಗಿಲು. ಅದರ ಸುರುಳಿಗೆ ಆಂಪಿಯರಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಬೇಕಾಗುವುದಿಲ್ಲ, ಆದರೆ ಅದು ತೆರೆಯುವ ಬಾಗಿಲಿನಲ್ಲಿ 30 ಆಂಪಿಯರು ಹಾದುಹೋಗಬಹುದು. ಅಪ್ಪಣೆ ಕೊಡುವ ಹರಿವು ಬೇರೆ, ಭಾರ ಹೊರುವ ಹರಿವು ಬೇರೆ ಎಂಬ ಈ ವಿಂಗಡಣೆಗೆ ಮುಂದೆ ಮರಳಬೇಕಾಗುತ್ತದೆ.

ಅಪಾಯವನ್ನು ಉತ್ಪ್ರೇಕ್ಷೆ ಮಾಡುವುದು ಸರಿಯಲ್ಲ. 5000 ಮಿಲಿಆಂಪಿಯರ್-ಗಂಟೆಯ ಒಂದು ಮೊಬೈಲನ್ನು ಪೂರ್ತಿ ತುಂಬಲು ವಾಹನದ ಬ್ಯಾಟರಿಯಿಂದ ಸುಮಾರು 2 ಆಂಪಿಯರ್-ಗಂಟೆ ಖರ್ಚಾಗುತ್ತದೆ, ಮತ್ತು 75ರಿಂದ 100 ಆಂಪಿಯರ್-ಗಂಟೆಯ ಟ್ರ್ಯಾಕ್ಟರು ಬ್ಯಾಟರಿಗೆ ಅದು ಕಣದ ರಾಶಿಯಿಂದ ಗುಬ್ಬಿ ಹೆಕ್ಕಿದಷ್ಟು. ಆದರೆ 60 ವ್ಯಾಟಿನ ಹಾಡಿನ ಪೆಟ್ಟಿಗೆ 5 ಆಂಪಿಯರು ಎಳೆಯುತ್ತದೆ, ರಾತ್ರಿಯ 10 ಗಂಟೆಗಳಲ್ಲಿ 50 ಆಂಪಿಯರ್-ಗಂಟೆ ನುಂಗುತ್ತದೆ; ಅಲ್ಲಿಗೆ ಬ್ಯಾಟರಿಯ ಅರ್ಧವೋ ಅದಕ್ಕಿಂತ ಹೆಚ್ಚೋ ಹೋದಂತೆ. ಇನ್ನೊಂದು ಬಗೆಯ ನಷ್ಟ ಕಣ್ಣಿಗೇ ಬೀಳುವುದಿಲ್ಲ. ಹಂಗಾಮು ಮುಗಿದು ಟ್ರ್ಯಾಕ್ಟರು ಎರಡು ತಿಂಗಳು ನಿಂತಲ್ಲೇ ನಿಂತಾಗ ಡೈರೆಕ್ಟ್ ಸಾಕೆಟ್ಟಿನಲ್ಲಿ ಮರೆತುಬಿಟ್ಟ ಬರಿಯ ಚಾರ್ಜರು 20 ಮಿಲಿಆಂಪಿಯರು ಕುಡಿಯುತ್ತಿದ್ದರೂ 60 ದಿನಗಳಲ್ಲಿ ಸುಮಾರು 30 ಆಂಪಿಯರ್-ಗಂಟೆ ಸೋರುತ್ತದೆ. ಬರಿದಾಗಿ ಬಹುಕಾಲ ನಿಂತ ಬ್ಯಾಟರಿಯ ತಗಡುಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ ಬಿರುಸಾಗುತ್ತದೆ, ಆಮೇಲೆ ಎಷ್ಟು ಚಾರ್ಜು ಮಾಡಿದರೂ ಹಿಂದಿನ ಸಾಮರ್ಥ್ಯ ಮರಳುವುದಿಲ್ಲ. ಅಂದರೆ ಮಿತಿಮೀರಿದ ಬಳಕೆ ಇಂದಿನ ಸಂಗ್ರಹವನ್ನು ಕಳೆಯುವುದರ ಜೊತೆಗೆ ಸಂಗ್ರಹಿಸುವ ಶಕ್ತಿಯನ್ನೇ ಕಳೆಯುತ್ತದೆ.

ಬ್ಯಾಟರಿಯ ಮಟ್ಟಿಗೆ ಸೆಲ್ಫ್ ಮುಖ್ಯವಾದದ್ದು, ಸಾಕೆಟ್ಟು ಅದಕ್ಕೆ ಅಂಟಿಕೊಂಡದ್ದು. ಈ ಬಗೆಯ ಸಂಬಂಧವನ್ನು ಭಾರತದಲ್ಲಿ ಅತ್ಯಂತ ಸೂಕ್ಷ್ಮವಾಗಿ ವಿಚಾರಿಸಿದವರು ಪೂರ್ವಮೀಮಾಂಸಕರು, ಅಂದರೆ ವೇದದ ವಿಧಿವಾಕ್ಯಗಳ ಅರ್ಥವನ್ನು ನಿರ್ಣಯಿಸುವ ಶಾಸ್ತ್ರದವರು. ಜೈಮಿನಿಯ ಸೂತ್ರಗಳ ಮೂರನೆಯ ಅಧ್ಯಾಯವು ಶೇಷ ಮತ್ತು ಶೇಷಿ ಎಂಬ ಜೋಡಿಯನ್ನು ವಿವರಿಸುತ್ತದೆ: ಇನ್ನೊಂದಕ್ಕಾಗಿಯೇ ಇರುವುದು ಶೇಷ, ಯಾವುದಕ್ಕಾಗಿ ಅದು ಇದೆಯೋ ಅದು ಶೇಷಿ. ಇದರ ಜೊತೆಗೆ ಅವರು ಮಾಡಿದ ಮತ್ತೊಂದು ವಿಂಗಡಣೆ ಕ್ರತ್ವರ್ಥ ಮತ್ತು ಪುರುಷಾರ್ಥ ಎಂಬುದು. ಯಜ್ಞವು ಸಾಂಗವಾಗಲೆಂದು ಇರುವುದು ಕ್ರತ್ವರ್ಥ, ಯಜ್ಞ ಮಾಡುವ ಮನುಷ್ಯನ ಒಳಿತಿಗಾಗಿ ಇರುವುದು ಪುರುಷಾರ್ಥ. ಈ ವಿಂಗಡಣೆ ಕಲಬುರಗಿ ಸೀಮೆಗೆ ಹೊರಗಿನದಲ್ಲ. ಇದೇ ಜಿಲ್ಲೆಯ ಮರತೂರಿನವನೆಂದು ಪರಂಪರೆ ಹೇಳುವ, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರವೆಂಬ ವ್ಯಾಖ್ಯಾನದಲ್ಲಿ, ಆಸ್ತಿಯ ಒಡೆತನವು ಶಾಸ್ತ್ರದಿಂದ ಹುಟ್ಟುವುದೋ ಲೋಕವ್ಯವಹಾರದಿಂದ ಹುಟ್ಟುವುದೋ ಎಂದು ಚರ್ಚಿಸುವಾಗ ಇದೇ ಸಲಕರಣೆಯನ್ನು ಕೈಗೆತ್ತಿಕೊಳ್ಳುತ್ತಾನೆ. ಸಂಪತ್ತನ್ನು ಗಳಿಸುವ ಕ್ರಮದ ಬಗೆಗಿನ ನಿಯಮಗಳು ಪುರುಷಾರ್ಥವೇ ಹೊರತು ಕ್ರತ್ವರ್ಥವಲ್ಲ, ಆದ್ದರಿಂದ ನಿಯಮ ಮೀರಿದ ದೋಷ ಮನುಷ್ಯನಿಗೆ ತಗಲುತ್ತದೆಯೇ ಹೊರತು ಯಜ್ಞಕ್ಕೆ ಅಲ್ಲ, ಒಡೆತನವು ಲೌಕಿಕವೇ ಎಂಬ ನಿಲುವಿಗೆ ಅವನ ವಾದ ಸಾಗುತ್ತದೆ.

ಈ ಕಣ್ಣಿನಿಂದ ನೋಡಿದರೆ ಸ್ಟಾರ್ಟರು, ದೀಪ, ಹಾರ್ನುಗಳಿಗೆ ಹೋಗುವ ತಂತಿಗಳೆಲ್ಲ ಕ್ರತ್ವರ್ಥ, ಯಾಕೆಂದರೆ ವಾಹನವು ವಾಹನವಾಗಿ ನಡೆಯಲು ಅವು ಬೇಕು. ಹೊಸದಾಗಿ ಕೂಡಿಸಿದ ಸಾಕೆಟ್ಟು ಶುದ್ಧ ಪುರುಷಾರ್ಥ. ಅದಿಲ್ಲದಿದ್ದರೂ ಕಬ್ಬು ಕಾರ್ಖಾನೆ ಸೇರುತ್ತದೆ, ಅದಿದ್ದರೆ ಮನುಷ್ಯನಿಗೆ ಅನುಕೂಲ. ಇದರಿಂದ ಸಾಕೆಟ್ಟು ಕೀಳೆಂದು ಸಿದ್ಧವಾಗುವುದಿಲ್ಲ. ಮೀಮಾಂಸೆಯ ಹನ್ನೆರಡನೆಯ ಅಧ್ಯಾಯವು ‘ಪ್ರಸಂಗ’ ಎಂಬ ತತ್ತ್ವವನ್ನು ಒಪ್ಪಿಕೊಳ್ಳುತ್ತದೆ: ಒಂದರ ಸಲುವಾಗಿ ಮಾಡಿದ್ದು ಹಾದಿಯಲ್ಲಿ ಇನ್ನೊಂದಕ್ಕೂ ಉಪಕಾರ ಮಾಡಬಹುದು, ಮಹಡಿಯಲ್ಲಿಟ್ಟ ದೀಪವು ಮನೆಯನ್ನು ಬೆಳಗುತ್ತಲೇ ಕೆಳಗಿನ ಬೀದಿಗೂ ಬೆಳಕು ಕೊಡುವಂತೆ. ಎಂಜಿನ್ನು ಎಬ್ಬಿಸಲೆಂದು ಇಟ್ಟ ಬ್ಯಾಟರಿ ಚಾಲಕನ ಮೊಬೈಲಿಗೂ ಒದಗುವುದು ಇಂಥದೇ ಪ್ರಸಂಗ. ಆದರೆ ಬೀದಿಗೆ ಬೆಳಕು ಬಿದ್ದಷ್ಟಕ್ಕೆ ದೀಪದ ಎಣ್ಣೆ ಹೆಚ್ಚು ಸುಡುವುದಿಲ್ಲ, ಸಾಕೆಟ್ಟಿನಲ್ಲಿಯೋ ಎಣ್ಣೆ ಸುಡುತ್ತದೆ. ಇಲ್ಲಿ ದೃಷ್ಟಾಂತ ಕುಂಟುತ್ತದೆ, ಮತ್ತು ಅದು ಕುಂಟುವ ಜಾಗದಲ್ಲೇ ನಿಯಮದ ಅಗತ್ಯ ಹುಟ್ಟುತ್ತದೆ. ಅಂಗದ (ಶೇಷದ) ಗುಣಕ್ಕೂ ಪ್ರಧಾನದ (ಶೇಷಿಯ) ಸಿದ್ಧಿಗೂ ವಿರೋಧ ಬಂದಾಗ ಪ್ರಧಾನವೇ ಗೆಲ್ಲಬೇಕು ಎಂಬುದು ಮೀಮಾಂಸಕರ ನಿರ್ಣಯ. ಚಾವಿಯ ಹಿಂದೆ ಕಟ್ಟಿದ ತಂತಿ ಆ ನಿರ್ಣಯವನ್ನು ಮಾತಿಲ್ಲದೆ ಜಾರಿಗೊಳಿಸುತ್ತದೆ.

ಎಷ್ಟು ತೆಗೆದುಕೊಂಡರೆ ಪ್ರಧಾನಕ್ಕೆ ನೋವಾಗದು ಎಂಬ ಅಳತೆಗೆ ಈ ನೆಲದಲ್ಲಿ ಬೇರೊಂದು ಹೆಸರೂ ಇದೆ. ಆಳಂದ ತಾಲೂಕಿನ ನೆಲದ ಮೇಲೆ ಹರಿದು ಬರುವ ಅಮರ್ಜಾ ನದಿ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ದತ್ತ ಸಂಪ್ರದಾಯದ ಗುರು ನರಸಿಂಹ ಸರಸ್ವತಿಯವರ ಪಾದುಕೆಗಳಿರುವ ಆ ದತ್ತಕ್ಷೇತ್ರದಲ್ಲಿ ಮಧ್ಯಾಹ್ನದ ಹೊತ್ತು ಭಕ್ತರು ಬೇಡುವ ಭಿಕ್ಷೆಗೆ ಮಧುಕರಿ ಎನ್ನುತ್ತಾರೆ. ಮಧುಕರವೆಂದರೆ ಜೇನುಹುಳು. ಹೂವಿನಿಂದ ಹೂವಿಗೆ ಹೋಗಿ, ಯಾವ ಹೂವೂ ಬಾಡದಂತೆ, ತನಗೆ ಬೇಕಾದಷ್ಟನ್ನೇ ಹೀರುವ ಅದರ ರೀತಿಯೇ ಭಿಕ್ಷೆಯ ಮಾದರಿ. ಬೇಡುವುದನ್ನು ನಿಷೇಧಿಸದೆ, ಬೇಡಿಕೆಯಿಂದ ಕೊಡುವ ಮನೆ ಬರಿದಾಗದಂತೆ ನೋಡಿಕೊಳ್ಳುವ ಈ ಆಚಾರವು ಕ್ರತ್ವರ್ಥ ಪುರುಷಾರ್ಥಗಳ ಒಣ ಚರ್ಚೆಗಿಂತ ಜನರಿಗೆ ಹತ್ತಿರವಾದದ್ದು.

ಈಗ ಮೊದಲಿನ ತೊಡಕಿಗೆ ಬರಬಹುದು. ಚಾವಿ ತೆಗೆದೊಡನೆ ಸಾಕೆಟ್ಟು ತಾನೇ ಆರಿದರೆ, ಬ್ಯಾಟರಿ ಉಳಿಸಿದ ಪುಣ್ಯ ಯಾರದು? ಕೈ ಕಟ್ಟಿಕೊಂಡು ಮನಸ್ಸಿನಲ್ಲಿ ವಿಷಯಗಳನ್ನೇ ಮೆಲುಕು ಹಾಕುವವನ ಆಚಾರವನ್ನು ಭಗವದ್ಗೀತೆಯ ಮೂರನೆಯ ಅಧ್ಯಾಯವು ಮಿಥ್ಯಾಚಾರವೆಂದು ಕರೆದಿದೆ. ಎರಡನೆಯ ಅಧ್ಯಾಯವು ಉಪವಾಸಿಯಿಂದ ವಿಷಯಗಳು ದೂರವಾದರೂ ಅವುಗಳ ರುಚಿ ಅವನಲ್ಲಿ ಉಳಿದೇ ಇರುತ್ತದೆ ಎಂಬ ಎಚ್ಚರಿಕೆಯನ್ನು ಕೊಟ್ಟಿದೆ. ಗ್ರೀಕರ ಅರಿಸ್ಟಾಟಲನೂ ಬಯಕೆಯೊಡನೆ ಹೋರಾಡಿ ಗೆಲ್ಲುವವನನ್ನೂ, ಕೆಟ್ಟ ಬಯಕೆಯೇ ಏಳದಂತೆ ಹದವಾದವನನ್ನೂ ಬೇರೆ ಬೇರೆ ಎಂದು ಎಣಿಸಿ ಎರಡನೆಯವನಿಗೆ ಮೇಲಿನ ಸ್ಥಾನ ಕೊಟ್ಟನು. ಈ ಎರಡೂ ಪರಂಪರೆಗಳ ತಕ್ಕಡಿಯಲ್ಲಿ ಚಾವಿಗೆ ಕಟ್ಟಿದ ಸಾಕೆಟ್ಟು ಹಗುರವಾಗಿಯೇ ಕಾಣುತ್ತದೆ, ಯಾಕೆಂದರೆ ಅದು ಬಯಕೆಯನ್ನು ಮುಟ್ಟುವುದೇ ಇಲ್ಲ, ಬಯಕೆಗೆ ದಾರಿಯನ್ನಷ್ಟೇ ಮುಚ್ಚುತ್ತದೆ. ರಾಶಿ ಮಾಡುವ ಕಣದಲ್ಲಿ ಬಾಯಿಗೆ ಕುಕ್ಕೆ ಹಾಕಿಸಿಕೊಂಡ ಎತ್ತು ಜೋಳ ತಿನ್ನುವುದಿಲ್ಲ; ಹಾಗೆಂದು ಎತ್ತು ವ್ರತ ಹಿಡಿದಿದೆ ಎಂದು ಯಾರೂ ಹೇಳುವುದಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಇದೇ ವಿಷಯವನ್ನು ಇನ್ನೊಂದು ಕಡೆಯಿಂದ ಹಿಡಿದರು. ಇಂದ್ರಿಯಗಳನ್ನು ಬಲವಂತವಾಗಿ ಅದುಮುವುದೇ ಹೊಸ ದೋಷಗಳಿಗೆ ಕಾರಣವಾಗುತ್ತದೆ ಎಂಬ ದಿಟ್ಟ ಅಭಿಪ್ರಾಯವನ್ನು ಬಸವಣ್ಣನವರು ತಮ್ಮ ಒಂದು ವಚನದಲ್ಲಿ ತಾಳಿದ್ದಾರೆ. ಶರಣರ ಪರಿಹಾರವು ವಿಷಯವನ್ನು ಬಿಡುವುದಾಗಿರಲಿಲ್ಲ, ವಿಷಯವನ್ನು ಮೊದಲು ಲಿಂಗಕ್ಕೆ ಅರ್ಪಿಸಿ ಆಮೇಲೆ ಸ್ವೀಕರಿಸುವುದಾಗಿತ್ತು. ಅರ್ಪಿಸುವ ಮೊದಲು ಅದು ಪದಾರ್ಥ, ಅರ್ಪಿಸಿದ ಮೇಲೆ ಪ್ರಸಾದ. ಭೋಗಕ್ಕೂ ಭೋಗಿಗೂ ನಡುವೆ ಒಂದು ಕ್ಷಣದ ತಡೆ, ಒಂದು ಅಪ್ಪಣೆ ಇರಬೇಕೆಂಬುದೇ ಈ ಏರ್ಪಾಡಿನ ಹುರುಳು. ಚಾವಿಯ ಹಿಂದೆ ಕಟ್ಟಿದ ತಂತಿಯಲ್ಲಿಯೂ ಇಂಥದೊಂದು ತಡೆ ಇದೆಯೆಂದರೆ ಹೋಲಿಕೆ ಎಳೆದಂತಾಗುತ್ತದೆ, ಯಾಕೆಂದರೆ ಅರ್ಪಣೆಯಲ್ಲಿ ಪ್ರತಿ ಸಲವೂ ಅರಿವು ಹಾಜರಿರಬೇಕು, ತಂತಿಯಲ್ಲಿ ಒಂದೇ ಸಲ ಇದ್ದರೆ ಸಾಕು.

ಆ ಒಂದೇ ಸಲದ ಅರಿವನ್ನು ಹಗುರವಾಗಿ ಎಣಿಸುವುದೂ ತಪ್ಪು. ವೈದಿಕ ಕರ್ಮಗಳ ಆರಂಭದಲ್ಲಿ ಮಾಡುವ ಸಂಕಲ್ಪವು ಒಂದೇ ಸಲದ ಮಾತು. ಆಮೇಲೆ ಹಸಿವಾದಾಗ, ನಿದ್ರೆ ಬಂದಾಗ, ಬೇಸರವಾದಾಗ ಕರ್ಮವನ್ನು ಮುಂದೊಯ್ಯುವುದು ಆ ಕ್ಷಣದ ಮನಸ್ಸಿಗಿಂತ ಹೆಚ್ಚಾಗಿ ಮೊದಲು ಎಚ್ಚರದಲ್ಲಿದ್ದ ಮನಸ್ಸು ಹಾಕಿದ ಕಟ್ಟು. ಹಗಲಿನಲ್ಲಿ ಗ್ಯಾರೇಜಿನ ಮುಂದೆ ನಿಂತು, ರಾತ್ರಿ ತಾನು ದಣಿದು ಮರೆಯುತ್ತೇನೆಂದು ತಿಳಿದು, ತಂತಿಯನ್ನು ಚಾವಿಯ ಕಡೆಗೆ ಹಾಕಿಸಿಕೊಳ್ಳುವವನು ತನ್ನ ನಾಳಿನ ದೌರ್ಬಲ್ಯವನ್ನು ಇಂದೇ ಒಪ್ಪಿಕೊಂಡಿರುತ್ತಾನೆ. ಎತ್ತು ಕುಕ್ಕೆಯನ್ನು ತಾನಾಗಿ ಹಾಕಿಕೊಳ್ಳಲಾರದು, ತೆಗೆಯಲೂ ಆರದು. ಮನುಷ್ಯ ಯಾವ ಗಳಿಗೆಯಲ್ಲಾದರೂ ಎರಡು ಗೇಣು ತಂತಿಯಿಂದ ಆ ಕಟ್ಟನ್ನು ತಪ್ಪಿಸಿ ಡೈರೆಕ್ಟ್ ಮಾಡಿಕೊಳ್ಳಬಲ್ಲ, ಆದರೂ ಮಾಡಿಕೊಳ್ಳುವುದಿಲ್ಲ. ಆ ‘ಮಾಡಿಕೊಳ್ಳದಿರುವುದು’ ದಿನದಿನವೂ ನಡೆಯುವ ಕ್ರಿಯೆ. ಆದ್ದರಿಂದ ಇಲ್ಲಿನ ಸಂಯಮ ಯಂತ್ರದ್ದಲ್ಲ, ಯಂತ್ರದ ಮೂಲಕ ನಡೆದ ಮನುಷ್ಯನದೇ. ಕಠೋಪನಿಷತ್ತಿನ ರಥದ ರೂಪಕದಲ್ಲಿ ಬುದ್ಧಿಯು ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು. ಸಾರಥಿ ತಾನೇ ರಥವನ್ನು ಎಳೆಯುವುದಿಲ್ಲ, ಹಾಗೆಂದು ರಥದ ನಡೆಗೆ ಅವನು ಹೊಣೆಗಾರನಲ್ಲ ಎನ್ನುವಂತಿಲ್ಲ. ರಿಲೇಯ ಸುರುಳಿಯಲ್ಲಿ ಹರಿಯುವ ಅಲ್ಪ ಹರಿವಿಗೂ ಬಾಗಿಲಲ್ಲಿ ಹಾಯುವ ದೊಡ್ಡ ಹರಿವಿಗೂ ಇರುವ ಸಂಬಂಧ ಬಹುಮಟ್ಟಿಗೆ ಇಂಥದು.

ಚಾವಿಯ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ, ಮತ್ತು ಪುಸ್ತಕದ ತತ್ತ್ವಜ್ಞಾನಿ ಇಲ್ಲಿ ಎಡವುವ ಸಾಧ್ಯತೆ ಹೆಚ್ಚು. ಶರಣರ ಮಾತಿನಲ್ಲಿ ಕಾಯಕವೆಂದರೆ ಜೀವನಕ್ಕಾಗಿ ನಿಷ್ಠೆಯಿಂದ ಮಾಡುವ ದುಡಿಮೆ, ದಾಸೋಹವೆಂದರೆ ಆ ದುಡಿಮೆಯ ಫಲವನ್ನು ಹಂಚಿ ಉಣ್ಣುವುದು. ದುಡಿಮೆ ನಡೆದಾಗಲೇ ಹಂಚಿಕೆ ಎಂಬ ಶರಣರ ಕ್ರಮವನ್ನು ನೆನೆದು, ಎಂಜಿನ್ ನಡೆಯುವುದೇ ಕಾಯಕ, ಸಾಕೆಟ್ಟಿನ ಕೊಡುಗೆಯೇ ದಾಸೋಹ, ಚಾವಿಯೇ ಅವೆರಡರ ಕೊಂಡಿ ಎಂದು ಹೇಳಿಬಿಡುವ ಆಸೆಯಾಗುತ್ತದೆ. ವಸ್ತುಸ್ಥಿತಿ ಅಷ್ಟು ಸರಳವಲ್ಲ. ಕಾರು ಜೀಪುಗಳಲ್ಲಿ ಚಾವಿಯ ಮೊದಲ ಮನೆಯಲ್ಲಿ ಎಂಜಿನ್ ಏಳದೆಯೇ ರೇಡಿಯೋ ಮತ್ತು ಸಾಕೆಟ್ಟುಗಳಿಗೆ ಜೀವ ಬರುತ್ತದೆ. ಹಳೆಯ ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಎಂಜಿನ್ನನ್ನು ನಿಲ್ಲಿಸುವುದು ಚಾವಿಯಲ್ಲ, ಎಣ್ಣೆಯ ಹರಿವನ್ನು ಕತ್ತರಿಸುವ ಒಂದು ಎಳೆಗುಂಡಿ. ಚಾಲಕನು ಗುಂಡಿ ಎಳೆದು ಎಂಜಿನ್ ನಿಲ್ಲಿಸಿ, ಚಾವಿಯನ್ನು ಹಾಗೆಯೇ ಬಿಟ್ಟು ಇಳಿದರೆ, ದುಡಿಮೆ ನಿಂತಿರುತ್ತದೆ, ಸಾಕೆಟ್ಟಿನ ಕೊಡುಗೆ ನಡೆದೇ ಇರುತ್ತದೆ. ಅಂದರೆ ಚಾವಿಯು ಸಾಕ್ಷಿ ಹೇಳುವುದು ಅದನ್ನು ತಿರುಗಿಸಿದವನ ಅಪ್ಪಣೆಗೆ, ದುಡಿಮೆಗಲ್ಲ. ಸಾಕೆಟ್ಟನ್ನು ನಿಜವಾಗಿ ದುಡಿಮೆಗೆ ಕಟ್ಟಬೇಕೆಂದರೆ ವೋಲ್ಟೇಜನ್ನು ತಾನೇ ಅಳೆದು, ಡೈನಮೋ ಬ್ಯಾಟರಿಯನ್ನು ತುಂಬುತ್ತಿರುವಾಗ, ಅಂದರೆ 13 ವೋಲ್ಟನ್ನು ಸ್ಪಷ್ಟವಾಗಿ ದಾಟಿದಾಗ ಮಾತ್ರ ತೆರೆಯುವ ಮತ್ತೊಂದು ಬಗೆಯ ರಿಲೇ ಬೇಕು. ದಾಸೋಹದ ಹೋಲಿಕೆ ಪೂರ್ತಿಯಾಗಿ ಸಲ್ಲುವುದು ಅದಕ್ಕೇ.

ಯಾವ ಏರ್ಪಾಡೂ ಎಚ್ಚರವನ್ನು ಅನಗತ್ಯವಾಗಿಸುವುದಿಲ್ಲ ಎಂಬುದು ಆ ಎಳೆಗುಂಡಿಯಿಂದ ತಿಳಿಯುತ್ತದೆ. ಬೌದ್ಧರು ಈ ಎಚ್ಚರಕ್ಕೆ ಅಪ್ಪಮಾದ, ಅಂದರೆ ಮೈಮರೆಯದಿರುವಿಕೆ ಎಂಬ ಹೆಸರಿಟ್ಟರು. ಧಮ್ಮಪದದ ಎರಡನೆಯ ವರ್ಗವೇ ಅದರ ಹೆಸರಿನದು, ಮತ್ತು ನಿಗ್ರೋಧನೆಂಬ ಎಳೆಯ ಶ್ರಮಣನಿಂದ ಅದನ್ನು ಕೇಳಿಯೇ ಅಶೋಕನ ಮನಸ್ಸು ತಿರುಗಿತೆಂದು ಸಿಂಹಳದ ಮಹಾವಂಸ ಹೇಳುತ್ತದೆ. ಆ ಅಶೋಕನ ನೆನಪು ಈ ಸೀಮೆಗೂ ಹೊರಗಿನದಲ್ಲ: ಗಾಣಗಾಪುರವನ್ನು ದಾಟಿದ ಭೀಮೆಯೇ ಕೆಳಗೆ ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ ಹರಿಯುತ್ತದೆ. ಅಲ್ಲಿನ ಕನಗನಹಳ್ಳಿಯ ಸ್ತೂಪದ ಅವಶೇಷಗಳಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಹೆಸರು ಕೊರೆದಿರುವ ಅಶೋಕನ ಉಬ್ಬುಶಿಲ್ಪವೊಂದು ದೊರೆತಿರುವುದು ಈ ಜಿಲ್ಲೆಯ ಓದುಗರಿಗೆ ತಿಳಿದ ಸಂಗತಿ.

ಇಲ್ಲಿಯವರೆಗಿನ ವಾದವೆಲ್ಲ ತಂತಿ ಹಾಕಿಸಿದವನೂ ರಾತ್ರಿ ಸಾಲಿನಲ್ಲಿ ಕಾಯುವವನೂ ಒಬ್ಬನೇ ಎಂದು ಭಾವಿಸಿಕೊಂಡಿತ್ತು. ಕಬ್ಬಿನ ಸಾಲಿನಲ್ಲಿ ಈ ಭಾವನೆ ಬಹಳ ಸಲ ಸುಳ್ಳಾಗುತ್ತದೆ. ಟ್ರ್ಯಾಕ್ಟರು ಒಬ್ಬನದು, ಸ್ಟಿಯರಿಂಗು ಹಿಡಿದವನು ಸಂಬಳದ ಮತ್ತೊಬ್ಬ. ಒಡೆಯನು ಊರಲ್ಲಿ ಮಲಗಿರುತ್ತಾನೆ, ಚಾಲಕನು ಎರಡು ಟ್ರೇಲರುಗಳ ಕಬ್ಬಿನ ಮುಂದೆ, ತಣ್ಣಗಿನ ಗಾಳಿಯಲ್ಲಿ, ಸರದಿ ಬಂದಾಗ ನಾಲ್ಕು ಮಾರು ಮುಂದೆ ಸರಿಸಲು ಕಾಯುತ್ತಿರುತ್ತಾನೆ. ಅವನ ಮೊಬೈಲು ಮನೆಯವರೊಡನೆ ಮಾತಾಡುವ ದಾರಿ, ಕತ್ತಲಲ್ಲಿ ಟಾರ್ಚು, ಬೇಸರಕ್ಕೆ ಹಾಡು. ಬ್ಯಾಟರಿ ಉಳಿಯಬೇಕೆಂದು ಒಡೆಯನು ಸಾಕೆಟ್ಟನ್ನು ಚಾವಿಗೆ ಕಟ್ಟಿಸಿ, ನಿಂತಾಗ ಚಾವಿ ತೆಗೆಯಬೇಕೆಂದು ತಾಕೀತು ಮಾಡಿದರೆ, ಅಲ್ಲಿ ಉಳಿತಾಯ ಒಬ್ಬನದು, ಉಪವಾಸ ಇನ್ನೊಬ್ಬನದು. ಎತ್ತಿನ ಕುಕ್ಕೆಯ ಹೋಲಿಕೆ ಇಲ್ಲಿ ಮತ್ತೆ ಜೀವ ಪಡೆಯುತ್ತದೆ.

ಈ ಸಂದರ್ಭಕ್ಕೂ ಮೀಮಾಂಸಕರಲ್ಲಿ ಉತ್ತರವಿದೆ, ಅದೂ ನಿಷ್ಠುರವಾದ ಉತ್ತರ. ಯಜ್ಞದಲ್ಲಿ ಯಜಮಾನನು ಫಲಕ್ಕೆ ಒಡೆಯ, ಋತ್ವಿಜರು ದಕ್ಷಿಣೆ ಪಡೆದು ಕೆಲಸ ಮಾಡುವವರು, ಅಂದರೆ ಒಂದರ್ಥದಲ್ಲಿ ಕೂಲಿಗೆ ಬಂದವರು. ಹಾಗಾದರೆ ಯಜ್ಞದಲ್ಲಿ ವಿಧಿಸಿರುವ ಉಪವಾಸ ಮೊದಲಾದ ತಪಸ್ಸನ್ನು ಯಾರು ಮಾಡಬೇಕು ಎಂಬ ಪ್ರಶ್ನೆಯನ್ನು ಜೈಮಿನಿಯ ಮೂರನೆಯ ಅಧ್ಯಾಯದ ಕೊನೆಯ ಪಾದವು ಎತ್ತಿಕೊಂಡು, ಫಲ ಯಾರಿಗೋ ತಪಸ್ಸೂ ಅವನದೇ, ಅದು ಯಜಮಾನನ ಪಾಲು ಎಂದು ತೀರ್ಮಾನಿಸುತ್ತದೆ. ಕೆಲಸವನ್ನು ಹಣ ಕೊಟ್ಟು ಮಾಡಿಸಬಹುದು. ಹಸಿವನ್ನು ಹಾಗೆ ಬೇರೊಬ್ಬನ ಮೇಲೆ ಹೊರಿಸಿ ಅದರ ಪುಣ್ಯವನ್ನು ತಾನು ಪಡೆಯಲಾಗದು. ಎರಡು ಸಾವಿರ ವರ್ಷಗಳಷ್ಟು ಹಳೆಯ ಈ ನಿರ್ಣಯ ಯಜ್ಞಶಾಲೆಯ ಆಚೆಗೆ ಸಲ್ಲುವುದಿಲ್ಲವೆಂದು ಪಂಡಿತರು ಆಕ್ಷೇಪಿಸಬಹುದು, ಆದರೆ ವಿಜ್ಞಾನೇಶ್ವರನೇ ಯಜ್ಞಶಾಲೆಯ ಸಲಕರಣೆಗಳನ್ನು ಹೊಲಮನೆಗಳ ವ್ಯಾಜ್ಯಕ್ಕೆ ತಂದು ಬಳಸಿದ್ದಾನೆ. ಆ ಹಾದಿಯಲ್ಲಿ ಟ್ರ್ಯಾಕ್ಟರಿನ ಸಾಲಿಗೆ ಬರುವುದು ಇನ್ನೊಂದು ಹೆಜ್ಜೆ ಮಾತ್ರ. ಒಡೆಯನು ತನ್ನ ಸ್ವಂತ ಜೀಪಿನಲ್ಲಿ ಸಾಕೆಟ್ಟನ್ನು ಚಾವಿಗೆ ಕಟ್ಟಿಸಿಕೊಂಡರೆ ಅದು ವ್ರತ. ಚಾಲಕನ ಟ್ರ್ಯಾಕ್ಟರಿನಲ್ಲಿ ಕಟ್ಟಿಸಿ ಬೇರೆ ದಾರಿ ಬಿಡದಿದ್ದರೆ ಅದು ಬರಿಯ ಕಟ್ಟುಪಾಡು. ಎರಡರಲ್ಲೂ ತಂತಿ ಒಂದೇ, ರಿಲೇ ಒಂದೇ.

ಇದಕ್ಕೆ ಉತ್ತರವಾಗಿ ಸಾಕೆಟ್ಟನ್ನು ಡೈರೆಕ್ಟ್ ಮಾಡಿಬಿಡಬೇಕೆಂದು ವಾದಿಸುವವರು ಇದೇ ಜಿಲ್ಲೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಮಹಾದಾಸೋಹಿ ಶರಣಬಸವೇಶ್ವರರನ್ನು ನೆನೆಯಬಹುದು. ಒಕ್ಕಲುತನ ಮಾಡುತ್ತಿದ್ದ ಅವರು ತಮ್ಮ ಹೊಲದ ಪೈರಿಗೆ ಬಂದ ಹಕ್ಕಿಗಳನ್ನು ಓಡಿಸದೆ ತಿನ್ನಲು ಬಿಟ್ಟರು, ನೀರನ್ನೂ ಇಟ್ಟರು, ಆದರೂ ರಾಶಿ ಕಡಿಮೆಯಾಗಲಿಲ್ಲ ಎಂಬುದು ಈ ಸೀಮೆಯ ಮನೆಮನೆಯ ಕಥೆ. ಕಥೆಯ ಅರ್ಥ ದೊಡ್ಡದು, ಆದರೆ ಅದನ್ನು ಬ್ಯಾಟರಿಗೆ ಅನ್ವಯಿಸುವಾಗ ಎಚ್ಚರ ಬೇಕು. ಶರಣರು ಹಕ್ಕಿಗೆ ಬಿಟ್ಟದ್ದು ತಮ್ಮ ಪಾಲನ್ನು. ಡೈರೆಕ್ಟ್ ಸಾಕೆಟ್ಟಿನಿಂದ ಹೋಗುವುದು ಸೆಲ್ಫಿನ ಪಾಲು, ಮತ್ತು ಬೆಳಗಿನ ಜಾವ ಸೆಲ್ಫ್ ಏಳದಿದ್ದರೆ ಹಿಂದಿನ ಟ್ರ್ಯಾಕ್ಟರುಗಳೆಲ್ಲ ನಿಲ್ಲುತ್ತವೆ, ಕೊಯ್ದ ಕಬ್ಬು ಹೊತ್ತು ಕಳೆದಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ. ಔದಾರ್ಯವನ್ನು ಬೇರೆಯವರ ಖರ್ಚಿನಲ್ಲಿ ಮಾಡುವುದೂ ಉಪವಾಸವನ್ನು ಬೇರೆಯವರ ಹೊಟ್ಟೆಯಲ್ಲಿ ಮಾಡುವುದೂ ಒಂದೇ ಜಾತಿಯ ತಪ್ಪುಗಳು.

ಆದ್ದರಿಂದ ದುಡಿಸಿಕೊಳ್ಳುವ ಒಡೆಯನಿಗೆ ಧರ್ಮವು ಬಿಡುವ ದಾರಿ ಒಂದೇ: ಮುಖ್ಯ ಬ್ಯಾಟರಿಯ ತಂತಿಯನ್ನು ಚಾವಿಗೆ ಕಟ್ಟಿಸುವುದು, ಮತ್ತು ಚಾಲಕನ ಪಾಲನ್ನು ಬೇರೆಯಾಗಿ ಇಡುವುದು. ಅದು ಕಷ್ಟವೂ ಅಲ್ಲ. ಅಂಗಡಿಗಳ ಯುಪಿಎಸ್ ಪೆಟ್ಟಿಗೆಗಳಲ್ಲಿ ಇರುವಂಥ 12 ವೋಲ್ಟು, 7 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯೊಂದನ್ನು ಸೀಟಿನ ಕೆಳಗೆ ಭದ್ರವಾಗಿ ಕೂಡಿಸಿ, ಮೇಲೆ ಹೇಳಿದ ವೋಲ್ಟೇಜು ಅಳೆಯುವ ರಿಲೇಯ ಮೂಲಕ, ಎರಡೂ ಬ್ಯಾಟರಿಗಳ ಬಳಿ ಒಂದೊಂದು ಫ್ಯೂಜು ಇಟ್ಟು ಜೋಡಿಸಿ, ಚಾಲಕನ ಸಾಕೆಟ್ಟನ್ನು ಅದಕ್ಕೇ ಕಟ್ಟಿದರೆ, ಹಗಲು ಎಂಜಿನ್ ನಡೆಯುವಾಗ ಅದು ತುಂಬಿಕೊಳ್ಳುತ್ತದೆ, ರಾತ್ರಿ ಎಂಜಿನ್ ನಿಂತಾಗ ಮುಖ್ಯ ಬ್ಯಾಟರಿಯಿಂದ ತಾನಾಗಿ ಬೇರ್ಪಡುತ್ತದೆ. ಅರ್ಧದಷ್ಟನ್ನೇ ಬಳಸಿದರೂ ಅದು ಒಂದು ರಾತ್ರಿಗೆ ಎರಡು ಮೊಬೈಲುಗಳನ್ನು ಹೆಚ್ಚುಕಡಿಮೆ ಪೂರ್ತಿ ತುಂಬಿಸುತ್ತದೆ, ಸೆಲ್ಫಿನ ಪಾಲನ್ನು ಮುಟ್ಟುವುದಿಲ್ಲ.